ಸಹಾಯ ಬೇಕು: ಬಂಗಾಳಿ ಬರುವ ಅಕ್ಕಂದಿರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಈ ಸಲ ಫೀಲ್ಡ್‌ವರ್ಕ್‌ಗೆ ಹುಬ್ಬಳ್ಳಿಯ ಒಂದು ಆಶ್ರಯ ಕೇಂದ್ರಕ್ಕೆ ಹಾಕಿದ್ದಾರೆ. ಕೆಲಸ ಕೊಡಿಸುತ್ತೇವೆ ಅಂತ ನಂಬಿಸಿ ಸಾಗಿಸಿದ್ದ ಹೆಣ್ಣುಮಕ್ಕಳು ಇಲ್ಲಿದ್ದಾರೆ. ಹೆಸರು, ಊರು ಕೇಳಬೇಡಿ, ಹೇಳುವ ಹಾಗಿಲ್ಲ.

ಒಬ್ಬರಿಗೆ ಬಂಗಾಳಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಎರಡು ವಾರದಿಂದ ನಮ್ಮ ಮಾತೆಲ್ಲ ಕೈಸನ್ನೆ, ಚಹಾ, ನಗು ಇಷ್ಟೇ. ಫೋನಿನ ಅನುವಾದದ ಆ್ಯಪ್ ಹಿಡಿದರೆ ಮುಖ ತಿರುಗಿಸುತ್ತಾರೆ. ಇಂಥದ್ದನ್ನು ಮಷೀನಿಗೆ ಯಾರು ಹೇಳುತ್ತಾರೆ, ಅಲ್ವಾ?

ಮಾನವ ಕಳ್ಳಸಾಗಣೆಗೆ ಸಿಕ್ಕವರಿಗೆ ಉಚಿತ ವಕೀಲರ ಹಕ್ಕಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ, ಆದಾಯ ನೋಡುವುದಿಲ್ಲ. ಪರಿಹಾರಕ್ಕೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಬಹುದು. ಇದನ್ನೆಲ್ಲ ಅವರಿಗೆ ತಿಳಿಯುವ ಹಾಗೆ ಹೇಳಬೇಕು. ಬೇಕೋ ಬೇಡವೋ ಅವರೇ ಹೇಳಬೇಕು. ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ವಾರಕ್ಕೊಮ್ಮೆ ಒಂದೆರಡು ತಾಸು ಬಂದರೆ ಸಾಕು. ಮಹಿಳೆಯರೇ ಬೇಕು. ಗುರುತಿನ ಚೀಟಿ ತನ್ನಿ, ಕೇಂದ್ರದ ಮೇಡಂ ಒಪ್ಪಿಗೆ ಕೊಟ್ಟ ಮೇಲೆಯೇ ಒಳಗೆ. ಅವರ ಹಿಂದಿನ ಕಥೆ ಕೆದಕಬಾರದು, ಫೋಟೋ ಬೇಡವೇ ಬೇಡ. ಗದಗದಿಂದ ಬರುವವರಿದ್ದರೂ ಸರಿ, ಬಸ್ ಚಾರ್ಜ್ ನಾನು ಕೊಡುತ್ತೇನೆ. ಜೊತೆಗೆ ಧಾರವಾಡ ಪೇಡೆ! ಕಾಮೆಂಟಿನಲ್ಲಿ ಬೇಡ, ಇನ್‌ಬಾಕ್ಸ್‌ಗೆ ಬರೆಯಿರಿ.