ಪುಣೆಯ ಪುಟ್ಟ ರೈಲು ಮ್ಯೂಸಿಯಂಗೆ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಅಕ್ಕಲಕೋಟದವ:
ಬರುವ ವಾರ ಪುಣೆಯಲ್ಲಿ ತಂಗಿ ಮನೆಯ ಗೃಹಪ್ರವೇಶ, ಮಾರನೇ ದಿನ ಖಾಲಿ. ಕೊಥ್ರೂಡಿನ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಲೇಬೇಕು ಅಂತ ಏಳು ವರ್ಷದ ಮಗ ಹಟ ಹಿಡಿದಿದ್ದಾನೆ. ನನ್ನ ಚಿಂತೆ ಅಪ್ಪನದು. ಹೋಟಗಿ ಕಡೆ ಮೂವತ್ತು ವರ್ಷ ರೈಲ್ವೆ ಪಾಯಿಂಟ್ಸ್‌ಮನ್, ಅಂದರೆ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗೋ ಹಾಗೆ ಪಾಯಿಂಟ್ ಹಾಕೋ ಕೆಲಸದಲ್ಲಿದ್ದವರು. "ಜೀವಮಾನ ಪೂರ್ತಿ ನಿಜವಾದ ಗಾಡಿಗೆ ದಾರಿ ಬಿಟ್ಟಿದ್ದೀನಿ, ಈಗ ಆಟಿಕೆ ಗಾಡಿ ನೋಡೋಕೆ ಟಿಕೆಟ್ ತಗೋಬೇಕಾ?" ಅಂತಾರೆ. ಮಂಡಿ ನೋವು ಬೇರೆ. ಹೋದವರು ಹೇಳಿ, ಅದು ಬರೀ ಮಕ್ಕಳ ಆಟವಾ?

ಸಿದ್ಧೇಶ್ವರ ಪೇಟೆ:
ಎರಡು ಸಲ ಹೋಗಿದ್ದೇನೆ. ದೊಡ್ಡ ಪಾರ್ಕು, ಜೋಕಾಲಿ ಅಂತೆಲ್ಲ ಅಂದುಕೊಂಡು ಹೋಗಬೇಡಿ, ಒಂದು ಹಾಲ್‌ನಲ್ಲಿ ಒಂದು ಊರು, ಅಷ್ಟೇ. ಆದರೆ ಆ ಊರಿನಲ್ಲಿ ಸರ್ಕಸ್ ಇದೆ, ಈಜುಕೊಳ ಇದೆ, ಕಾರಲ್ಲೇ ಕೂತು ಸಿನಿಮಾ ನೋಡೋ ಥಿಯೇಟರ್ ಇದೆ, ಮೇಲಿನ ಹಳಿಗೆ ಜೋತುಬಿದ್ದು ಓಡೋ ರೈಲೂ ಇದೆ. ಭಾವು ಜೋಶಿಯವರು ವರ್ಷಗಟ್ಟಲೆ ಹವ್ಯಾಸಕ್ಕೆ ಕೂಡಿಹಾಕಿದ್ದನ್ನು 1998ರಲ್ಲಿ ಜನರಿಗೆ ತೆರೆದಿಟ್ಟಿದ್ದು. ಹಳೇ ಕಾಲದ ಶೋಕಿ, ಸ್ಕ್ರೀನ್, ಥಳುಕು ಏನಿಲ್ಲ. ನನಗೆ ಹಿಡಿಸಿದ್ದೇ ಅದು. ಹಾಲ್‌ನ ದೀಪ ಮೆಲ್ಲಗೆ ಇಳಿಸಿದಾಗ ಪುಟ್ಟ ಮನೆಗಳ ಕಿಟಕಿಯಲ್ಲಿ ಬೆಳಕು ಬಂತು ನೋಡಿ, ಪಕ್ಕದಲ್ಲಿ ಅಳುತ್ತಿದ್ದ ಕೂಸೂ ಸುಮ್ಮನಾಯಿತು. ನಮ್ಮ ಸೊಲ್ಲಾಪುರದ ಗಡ್ಡಾ ಜಾತ್ರೆಯ ರಾತ್ರಿಯನ್ನು ಮಾಳಿಗೆ ಮೇಲಿಂದ ನೋಡಿದ ಹಾಗೆ. ಅಪ್ಪನಿಗೆ ಸಿಗ್ನಲ್ ಕಡೆ ಕಣ್ಣಿಡೋಕೆ ಹೇಳಿ, ಬೇರೇನೂ ಹೇಳಬೇಡಿ.

ಬಾರ್ಶಿ ಲೈಟ್:
ಅಪ್ಪನವರಿಗೆ ಒಂದು ಲೆಕ್ಕ ಹೇಳಿ, ಆಮೇಲೆ ಅವರೇ ಹೊರಡುತ್ತಾರೆ. ಅಲ್ಲಿನ ಗಾಡಿಗಳು ಎಚ್‌ಒ ಅಳತೆಯವು. ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು, ಎರಡು ಹಳಿ ನಡುವೆ 16.5 ಮಿಲಿಮೀಟರ್. ಇದು ಯುರೋಪಿನ 1435 ಮಿಲಿಮೀಟರ್ ಗೇಜಿನ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676, ಹಾಗಾಗಿ ಅದನ್ನು ಸರಿಯಾಗಿ ಕುಗ್ಗಿಸಿದರೆ 19 ದಾಟುತ್ತದೆ. ಕುರ್ಡುವಾಡಿಯಿಂದ ಓಡುತ್ತಿದ್ದ ಬಾರ್ಶಿ ಲೈಟ್ ರೈಲಿನ ಹಳಿ ಬರೀ 762, ಅದು ಒಂಬತ್ತು ಮಿಲಿಮೀಟರೂ ಆಗಲ್ಲ! ನಮ್ಮಜ್ಜ ಪಂಢರಪುರಕ್ಕೆ ಹೋಗುತ್ತಿದ್ದ ಗಾಡಿ ಕಿರುಬೆರಳಿನಷ್ಟು ಅಗಲದ ಹಳಿ ಮೇಲೆ. ಯಾರಾದರೂ ಮಾಡಬೇಕು ರೀ ಅದನ್ನ.

ಸುಮ್ನೆ ಹೇಳುತ್ತಿಲ್ಲ, ನಾನೂ ಮನೆ ಅಟ್ಟದ ಮೇಲೆ ಒಂದು ಸುತ್ತು ಹಳಿ ಹಾಕಿದ್ದೇನೆ. 12 ವೋಲ್ಟ್ ಕರೆಂಟು ಹಳಿಯಿಂದಲೇ ಚಕ್ರಕ್ಕೆ ಹತ್ತಬೇಕು, ಧೂಳು ಕೂತರೆ ಗಾಡಿ ನಿಂತೇಹೋಗುತ್ತದೆ. ಒಂದು ಸಲ ಬುದ್ಧಿ ಓಡಿಸಿ ಹೊಲಿಗೆ ಮಷಿನ್ ಎಣ್ಣೆ ಸವರಿದೆ. ಎಂಜಿನ್ ಏರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸುತ್ತಾ ಜಾರಿತು, ಆ ಜಿಡ್ಡಿಗೆ ಇನ್ನಷ್ಟು ಧೂಳು ಮೆತ್ತಿತು. ಒರೆಸೋದರಲ್ಲಿ ಒಂದು ಭಾನುವಾರ ಹೋಯಿತು, ಹೆಂಡತಿಯ ಬೈಗುಳ ಬೇರೆ. ಆ ಮ್ಯೂಸಿಯಂನಲ್ಲಿ ಅಷ್ಟು ಹಳಿಯನ್ನು ದಿನಾ ಓಡೋ ಹಾಗೆ ಇಟ್ಟುಕೊಳ್ಳೋದು ತಮಾಷೆ ಅಲ್ಲ.

ಜತ್ತಿನ ಅಜ್ಜಿ:
ಮಗ ಇಂಗ್ಲೆಂಡಿನಲ್ಲಿದ್ದಾಗ ಬೀಕನ್ಸ್‌ಫೀಲ್ಡ್‌ನ ಬೆಕನ್‌ಸ್ಕಾಟ್ ನೋಡಿದ್ದೆ. 1929ರಲ್ಲಿ ಒಬ್ಬ ಅಕೌಂಟೆಂಟ್ ತನ್ನ ತೋಟದಲ್ಲೇ ಕಟ್ಟಿಸಿದ ಊರದು, ನಡುವೆ ರೈಲು. ಆರಡಿ ಮನುಷ್ಯ ಅಲ್ಲಿ ಅರ್ಧ ಅಡಿ. ಮಧ್ಯೆ ಹೊಸ ಹೊಸ ಕಟ್ಟಡ ಸೇರಿಸಿದ್ದರಂತೆ, 1990ರ ದಶಕದಲ್ಲಿ ಅದನ್ನೆಲ್ಲ ತೆಗೆದು ಮತ್ತೆ 1930ರ ಕಾಲಕ್ಕೇ ತಂದಿಟ್ಟರು. ಒಂದು ಮಾಂಸದಂಗಡಿಯ ಬೋರ್ಡ್ "ಸ್ಯಾಮ್ ಆ್ಯಂಡ್ ಎಲ್ಲಾ". ಜೋರಾಗಿ ಓದಿ ನೋಡಿ, ಹೊಟ್ಟೆ ಕೆಡಿಸೋ ರೋಗಾಣು ಸಾಲ್ಮೊನೆಲ್ಲಾ! ನಾನು ಅಪ್ಪಟ ಲಿಂಗಾಯತಳು, ಆದರೂ ಆ ಅಂಗಡಿ ಮುಂದೆ ನಿಂತೇ ಜಾಸ್ತಿ ನಕ್ಕೆ. ಮಂಡಿ ನೋವು ಅಂದಿರಲ್ಲ, ಮೊದಲು ಫೋನ್ ಮಾಡಿ ಶೋ ಟೈಮು, ಮೆಟ್ಟಿಲು, ಕೂರೋ ವ್ಯವಸ್ಥೆ ಎಲ್ಲ ಕೇಳಿಕೊಳ್ಳಿ.

ಅಕ್ಕಲಕೋಟದವ:
ಎಲ್ಲರಿಗೂ ಥ್ಯಾಂಕ್ಸ್. 16.5ರ ಲೆಕ್ಕ ಹೇಳಿದೆ. ಅಪ್ಪ ಪೇಪರ್ ಮಡಚಿಟ್ಟು "ಅಲ್ಲಿ ಪಾಯಿಂಟ್ ಕೈಯಿಂದ ಹಾಕ್ತಾರಾ, ಕರೆಂಟಿಂದಾ?" ಅಂತ ಕೇಳಿದರು. ಗೊತ್ತಿದ್ದವರು ಬೇಗ ಹೇಳಿ, ಬೆಳಗಿಂದ ಮೂರು ಸಲ ಕೇಳಿದ್ದಾರೆ.