ಹರಿಯದೆ ಹತ್ತು ಪಟ್ಟು ಉದ್ದ ಆಗುವ ಲೋಹ ಉಂಟಾ?

ಪ್ರೆಸ್‌ಶಾಪ್_ಬೈಕಂಪಾಡಿ:
ನಮ್ಮದು ಅಲ್ಯೂಮಿನಿಯಂ ಶೀಟ್ ಒತ್ತುವ ಕೆಲಸ. ಸ್ವಲ್ಪ ಜಾಸ್ತಿ ಆಳ ಒತ್ತಿದರೆ ಮೂಲೆಯಲ್ಲಿ ಹರಿಯುತ್ತದೆ. ಸುರತ್ಕಲ್‌ನಲ್ಲಿ ಓದುವ ಮಗಳು, ಕೆಲವು ಲೋಹ ಹತ್ತು ಪಟ್ಟು ಎಳೆಯಬಹುದು ಅನ್ನುತ್ತಾಳೆ. ಸುಮ್ನೆ ಹೇಳಿದ್ದಾ?

ನಿವೃತ್ತ_ಮೇಷ್ಟ್ರು:
ನಿಜ ಮಾರಾಯ್ರೆ. 1934ರಲ್ಲೇ ಪಿಯರ್ಸನ್ ಎಂಬವರು ತವರ-ಬಿಸ್ಮತ್ ಮಿಶ್ರಲೋಹವನ್ನು ಶೇ. 1,950ರಷ್ಟು ಎಳೆದಿದ್ದರು. ಒಂದಿಂಚಿನದು ಇಪ್ಪತ್ತಿಂಚು!

ಗುಟ್ಟು ಒಳಗಿನ ಹರಳಿನಲ್ಲಿದೆ, ಅಂದರೆ ಒಂದಕ್ಕೊಂದು ಅಂಟಿಕೊಂಡು ಲೋಹ ಆಗಿರುವ ಪುಟ್ಟ ಕಣದಲ್ಲಿ. ಅದು ಸಾಮಾನ್ಯವಾಗಿ 10 ಮೈಕ್ರಾನ್‌ಗಿಂತ ಸಣ್ಣದಿರಬೇಕು. ಬಿಸಿ ಬೇಕು, ನಿಧಾನವೂ ಬೇಕು. ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ "ಎದುರು ಹೋಗಿ" ಅಂದಾಗ ನಾವು ಜಾರುತ್ತಾ ಪಕ್ಕದವರನ್ನು ಬದಲಿಸುತ್ತೇವಲ್ಲ, ಹರಳುಗಳೂ ಹಾಗೆಯೇ. ಯಾರೂ ಉದ್ದ ಆಗುವುದಿಲ್ಲ, ಸಾಲು ಉದ್ದ ಆಗುತ್ತದೆ. ಒಂದು ಕಡೆ ಸಪೂರ ಆದರೆ ಅಲ್ಲಿ ಎಳೆತದ ವೇಗ ಹೆಚ್ಚುತ್ತದೆ, ಜೊತೆಗೆ ಪ್ರತಿರೋಧವೂ. ಹಾಗಾಗಿ ತುಂಡಾಗುವುದಿಲ್ಲ.

ಪ್ರೆಸ್‌ಶಾಪ್_ಬೈಕಂಪಾಡಿ:
ಪಿಂಗಾಣಿ ಜಾತಿಯದ್ದು ಎಳೆಯಲಿಕ್ಕೆ ಆಗುವುದಿಲ್ಲ, ಅಲ್ವಾ?

ಮಗಳು_ಇಲ್ಲಿದ್ದಾಳೆ:
ಆಗ್ತದೆ ಪಪ್ಪಾ! ಜಪಾನಿನ ವಕಾಯಿ ತಂಡ 1986ರಲ್ಲಿ ಜಿರ್ಕೋನಿಯಾವನ್ನು ದುಪ್ಪಟ್ಟಿಗಿಂತ ಉದ್ದ ಎಳೆದು ತೋರಿಸಿತ್ತು. 1,450 ಡಿಗ್ರಿಯಲ್ಲಿ.

ನಿವೃತ್ತ_ಮೇಷ್ಟ್ರು:
ನಿಮ್ಮ ಪ್ರೆಸ್ಸಿಗೆ ಇದು ಬೇಡ. ವಿಮಾನದ ಟೈಟಾನಿಯಂ ಶೀಟನ್ನು ಸುಮಾರು 900 ಡಿಗ್ರಿಯಲ್ಲಿ ಆರ್ಗಾನ್ ಗ್ಯಾಸಿನಿಂದ ಮೆಲ್ಲ ಊದುತ್ತಾರೆ. ಒಂದು ಪೀಸ್ ಆಗುವಾಗ ನಿಮ್ಮ ಚಾ ತಣಿದಿರುತ್ತದೆ.