ಸಹಾಯ ಬೇಕ್ರಿ: ಅಮೆಜಾನ್ ಇಂಟರ್‌ವ್ಯೂನಾಗ ರೈಸ್ ಮಿಲ್ ವಿಷ್ಯ ಹೇಳಿದ್ರ ನಡೀತೈತೇನು?

ಎಲ್ಲಾರಿಗೂ ನಮಸ್ಕಾರ್ರಿ, ನಮ್ದು ಗಂಗಾವತಿ. ಬೆಂಗಳೂರು ಅಮೆಜಾನ್‌ನಾಗ ಡೆವಲಪರ್ ಪೋಸ್ಟಿಗೆ ಆನ್‌ಲೈನ್ ಟೆಸ್ಟ್ ಪಾಸಾಗೇತಿ, ಮುಂದಿನ ವಾರ ಉಳಿದ ರೌಂಡ್ ಅದಾವು. ಕೋಡಿಂಗ್‌ದು ಅಷ್ಟು ಅಂಜಿಕಿ ಇಲ್ಲ, ಲೀಟ್‌ಕೋಡ್ ಸೈಟಿನಾಗ ಪ್ರಾಕ್ಟೀಸ್ ಮಾಡ್ಕೊಂತ ಬಂದೀನಿ. ತ್ರಾಸ ಇರೋದು ಅವ್ರ 16 ಲೀಡರ್‌ಶಿಪ್ ಪ್ರಿನ್ಸಿಪಲ್ಸ್‌ದು, ಅಂದ್ರ ಕೆಲಸದಾಗ ಹೆಂಗ ನಡ್ಕೋಬೇಕು ಅನ್ನೋ ಕಂಪನಿ ತತ್ವಗಳ್ದು. ಮ್ಯಾನೇಜರ್ ಮಾತು ಒಪ್ಪದೆ ವಾದ ಮಾಡಿದ್ದು ಯಾವಾಗ ಅಂತೆಲ್ಲ ಕೇಳ್ತಾರಂತ, ಮ್ಯಾಲೆ ಬಾರ್ ರೈಸರ್ ಅಂತ ಬ್ಯಾರೆ ಟೀಮಿನವ್ರು ಒಬ್ರು ಕುಂತಿರ್ತಾರ. ಯೂಟ್ಯೂಬ್ ನೋಡಿ ಸ್ಟಾರ್ ಮೆಥಡ್‌ನಾಗ (ಸಂದರ್ಭ, ಕೆಲಸ, ನಾ ಮಾಡಿದ್ದು, ಫಲ ಅನ್ನೋ ಕ್ರಮದಾಗ) ಉತ್ತರ ಬರ್ಕೊಂಡೆ, ಓದಿದ್ರ ಬಾಯಿಪಾಠ ಒಪ್ಪಿಸಿದಂಗ ಕೇಳಸ್ತೈತಿ.

ನನ್ ಹತ್ರ ಇರೋ ಖರೇ ಅನುಭವ ಅಂದ್ರ ನಮ್ಮೂರ ಮಿಲ್ ಒಂದಕ್ಕ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದು. ಭತ್ತ ಹಸಿ ಐತಿ ಅಂತ ತೂಕದಾಗ ಕಟ್ ಮಾಡೋದು ಕೈಲೇ ಹಾಕೋಣು ಅಂತ ಸಾವ್ಕಾರ್ರು, ಮಾಯಿಶ್ಚರ್ ಮೀಟರ್ ರೀಡಿಂಗ್ ಪ್ರಕಾರನ ಆಗ್ಬೇಕು, ರೈತ್ರ ರಸೀದಿ ಮ್ಯಾಲೂ ಅದು ಬರ್ಬೇಕು ಅಂತ ನಾನು, ಕಡೀಗೆ ಒಪ್ಪಿದ್ರು ಅನ್ರಿ. ಆದ್ರ ಇದು ಕಂಪನಿ ಅನುಭವ ಅಲ್ಲಲ್ಲ.

ಇನ್ನೊಂದು, ಅಮೆಜಾನ್‌ದವ್ರು 2025ರ ಜನವರಿಯಿಂದ ವಾರಕ್ಕ ಐದೂ ದಿನ ಆಫೀಸ್ ಮಾಡ್ಯಾರ, ಅದು ಇರ್ಲಿ, ರಾತ್ರಿ ಆನ್‌ಕಾಲ್ (ಸಿಸ್ಟಮ್ ಕೆಟ್ರ ಕರೆದ ಕೂಡ್ಲೇ ಸರಿ ಮಾಡೋ ಪಾಳಿ) ಎಷ್ಟು ಬರ್ತೈತಿ ಅನ್ನೋದ ಗೊತ್ತಾಗವಲ್ದು.

ಅಲ್ಲಿ ಇಂಟರ್‌ವ್ಯೂ ಕೊಟ್ಟವ್ರು ಹೇಳ್ರಿ, ಮಿಲ್ಲಿಂದು ಹೇಳ್ಲೋ, ಕಾಲೇಜ್ ಪ್ರಾಜೆಕ್ಟಿಂದು ಹೇಳ್ಲೋ? ಮತ್ತ ಆನ್‌ಕಾಲ್ ಬಗ್ಗೆ ಇಂಟರ್‌ವ್ಯೂ ಮಾಡೋರ್ನ ಕೇಳಬೌದಾ ಇಲ್ಲಾ ರಿಕ್ರೂಟರ್‌ನ ಕೇಳ್ಬೇಕಾ?